ಮಿಸಲ್ ಕಳೆದ ಮೇಲೆ: ಹಳೆಯ ಪತ್ರಿಕೆ ಹಿಡಿದು ವಂಶಾವಳಿ ಕಟ್ಟಿದ ಕೆಲಸದ ಟಿಪ್ಪಣಿ

ಕೆಲಸ ಇಷ್ಟು. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಒಕ್ಕಲು ಮನೆತನದ ನಾಲ್ಕು ತಲೆಮಾರನ್ನು, ಸುಮಾರು 1900ರಿಂದ ಈಚೆಗೆ, ಕಾಗದದ ಆಧಾರದ ಮೇಲೆ ಗೊತ್ತುಮಾಡಬೇಕು. ಊರು, ಹೆಸರು ಇಲ್ಲಿ ಬೇಡ. ಮೂಲಪುರುಷ ‘ಅ’, ಮುಂದಿನ ತಲೆಮಾರಿನ ಇಬ್ಬರು ‘ಬ1’ ಮತ್ತು ‘ಬ2’, ಅವರ ಮಕ್ಕಳು ‘ಕ’ ಅಂದರೆ ಸಾಕು.

ಶುರುವಿನಲ್ಲಿ ಕೈಯಲ್ಲಿದ್ದದ್ದು: 1954-55ರ ಖಾಸ್ರಾ ಪಹಣಿಯ (ಸರ್ವೆ ನಂಬರುವಾರು ಹಿಡುವಳಿ ದಾಖಲೆಯ) ನಕಲು, ಅದರಲ್ಲಿ ಬ2 ಒಬ್ಬನ ಹೆಸರು. ‘ಬ1, ಬ2 ಅಣ್ಣತಮ್ಮಂದಿರು’ ಎಂಬ ಮನೆಯವರ ಮಾತು. ಅವರಿಬ್ಬರ ನಡುವೆ ಹಿಂದೆ ಒಂದು ವಾಟಣಿ (ಆಸ್ತಿ ಪಾಲಿನ) ದಾವೆ ನಡೆದಿತ್ತೆಂಬ ನೆನಪು. ಆ ದಾವೆಯ ಮಿಸಲ್ (ಕೋರ್ಟಿನ ಕಡತ) ಸಿಕ್ಕಿದ್ದರೆ ಅದರೊಳಗೇ ವಂಶವೃಕ್ಷ ಇರುತ್ತಿತ್ತು. ನಕಲಿನ ಅರ್ಜಿ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಹೊತ್ತು ವಾಪಸು ಬಂತು.

ಹಂತ 1: ಮಿಸಲ್ ಖರೇನೇ ಹೋಗಿದೆಯೇ?

ಹಿಂಬರಹ ಬಂದ ಕೂಡಲೇ ಪತ್ರಿಕೆಗಳ ಬೆನ್ನು ಹತ್ತಬಾರದು. ಕಡತ ಕಾಣೆಯಾಗಲು ಕಾರಣ ಬೇರೆ ಬೇರೆ, ಅದಕ್ಕೆ ತಕ್ಕಂತೆ ಹುಡುಕುವ ದಾರಿಯೂ ಬೇರೆ.

ತೀರ್ಮಾನವಾದ ದಾವೆಗಳ ಕಡತವನ್ನು ಅವಧಿ ಮುಗಿದ ಮೇಲೆ ನಾಶ ಮಾಡಲು ನಿಯಮವೇ ಇದೆ. ಹಾಗೆ ಹೋಗಿದ್ದರೆ ಕಡತ ಮಾತ್ರ ಹೋಗಿರುತ್ತದೆ, ದಾವೆಗಳ ರಿಜಿಸ್ಟರು ಉಳಿದಿರುವ ಸಂಭವ ಇದೆ. ಆದ್ದರಿಂದ ‘ಮಿಸಲ್ ಕೊಡಿ’ ಅನ್ನುವ ಬದಲು ‘ಇಂಥ ವರ್ಷದ ರಿಜಿಸ್ಟರಿನ ನಕಲು ಕೊಡಿ’ ಎಂದು ಬೇರೆ ಅರ್ಜಿ ಹಾಕಬೇಕು. ಆದರೆ ವರ್ಷ, ನಂಬರು ಎರಡೂ ಗೊತ್ತಿಲ್ಲದೆ ಆ ಅರ್ಜಿ ಮುಂದೆ ಹೋಗುವುದಿಲ್ಲ. ಇಲ್ಲಿಯೂ ಹಾಗೇ ಆಯಿತು.

ಇನ್ನೊಂದು ಕಾರಣ ಗಡಿ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆದಾಗ ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ಆಂಧ್ರದ ಕಡೆ ಹೋದವು. ಬೀದರ ಜಿಲ್ಲೆಯ ಉದಗೀರ, ಅಹಮದಪುರ, ನಿಲಂಗಾ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಗಡಿಯ ಆಚೆ ಈಚೆ ಹೊಲ ಇದ್ದ ಮನೆತನಗಳ ಕಾಗದ ಇವತ್ತು ಮೂರು ರಾಜ್ಯಗಳಲ್ಲಿ ಹಂಚಿಹೋಗಿರಬಹುದು. ಶಹಾಪುರಕ್ಕೆ ಈ ತೊಡಕಿಲ್ಲ. ಆದರೆ ಯಾದಗಿರಿ ಕಲಬುರಗಿಯಿಂದ ಒಡೆದು ಬೇರೆ ಜಿಲ್ಲೆಯಾದದ್ದು ಮೊನ್ನೆ ಮೊನ್ನೆ. ಹಳೆಯದೇನಿದ್ದರೂ ಕಲಬುರಗಿಯಲ್ಲಿಯೂ ಕೇಳಲೇಬೇಕು.

ಗೆದ್ದಲು, ಮಳೆ ನೀರು ಮೂರನೆಯ ಕಾರಣ. ಅದಕ್ಕೆ ಮದ್ದಿಲ್ಲ, ಪತ್ರಿಕೆಯೇ ಗತಿ.

ಹಂತ 2: ಹೆಸರು ಬಿಟ್ಟು ಘಟನೆ ಹಿಡಿಯುವುದು

ಪತ್ರಿಕೆ ಯಾರ ವಂಶಾವಳಿಯನ್ನೂ ಬರೆದಿಟ್ಟಿಲ್ಲ. ಜಗಳ, ಸಾಲ, ಹರಾಜು, ಸರ್ಕಾರಿ ನೋಟಿಸು ಅಚ್ಚು ಹಾಕಿದೆ. ಅದಕ್ಕೇ ಮೊದಲು ಒಂದು ಹಾಳೆ ತೆಗೆದುಕೊಂಡು ‘ಈ ಮನೆಯಲ್ಲಿ ಅಚ್ಚಿಗೆ ಹೋಗುವಂಥದ್ದು ಏನು ನಡೆದಿರಬಹುದು’ ಎಂದು ಬರೆಯಬೇಕು.

ಒಕ್ಕಲು ಮನೆತನಕ್ಕೆ ಸಾಮಾನ್ಯವಾಗಿ ಬರುವಂಥವು: ಸಾಹುಕಾರನ ಸಾಲದ ದಾವೆಯಲ್ಲಿ ಪ್ರತಿವಾದಿ ಸಿಗದಿದ್ದಾಗ ಹೊರಡಿಸಿದ ಇಶ್ತಿಹಾರು (ಬಹಿರಂಗ ನೋಟಿಸು), ಡಿಕ್ರಿ ಜಾರಿಯ ಹರಾಜು, ತಂದೆ ತೀರಿದ ಮೇಲೆ ಚಿಕ್ಕ ಮಕ್ಕಳಿಗೆ ಪೋಷಕರ ನೇಮಕ, ಪಟೇಲಕಿ ಅಥವಾ ಇನಾಮಿನ ವಿರಾಸತ್ (ವಾರಸುದಾರಿಕೆಯ) ವಿಚಾರಣೆ, ಕಾಗದಪತ್ರ ಕಳೆದಿದೆ ಎಂಬ ಪ್ರಕಟಣೆ, ಆಮೇಲಿನ ಕಾಲಕ್ಕೆ ಕಾಲುವೆಗೆ ಜಮೀನು ಹೋದ ಅಧಿಸೂಚನೆ, ನಿಧನ ವಾರ್ತೆ, ಪುಣ್ಯಸ್ಮರಣೆ. ಮನೆಯಲ್ಲಿ ಯಾರಾದರೂ ಓದಿದ್ದರೆ ಪರೀಕ್ಷಾ ಫಲಿತಾಂಶ, ನೌಕರಿ ಹಿಡಿದಿದ್ದರೆ ಗೆಜೆಟಿನ ನೇಮಕ. ಹುಟ್ಟು, ಮದುವೆ, ಹೆಣ್ಣುಮಕ್ಕಳ ಸಾವು 1950ಕ್ಕೆ ಮುಂಚೆ ಅಚ್ಚಾಗುವುದು ತೀರ ಅಪರೂಪ. ಅವುಗಳ ಹಿಂದೆ ಹೊತ್ತು ಕಳೆಯಬಾರದು.

ಪ್ರತಿ ಘಟನೆಗೂ ಮೇಲಿನ, ಕೆಳಗಿನ ಮಿತಿ ಬೇಕು. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಗದ್ದಲದ ವರ್ಷ, ಬರದ ವರ್ಷ ನೆನಪಿರುತ್ತದೆ. ಈ ಭಾಗದಲ್ಲಿ ‘ಗದ್ದಲ’ ಅಂದರೆ ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ. ದೊಡ್ಡ ಬರ ಅಂದರೆ 1972ರದು. ಸಂವತ್ಸರದ ಹೆಸರು ಸಿಕ್ಕರೆ ಇನ್ನೂ ಒಳ್ಳೆಯದು, ಸರ್ವಧಾರಿ ಅಂದರೆ 1948-49. ‘ಅ ತೀರಿದ್ದು ಗದ್ದಲಕ್ಕೆ ಆರೇಳು ವರ್ಷ ಮುಂಚೆ, ಆಗ ಬ2 ಇನ್ನೂ ದನ ಕಾಯುವ ಹುಡುಗ’ ಎಂಬ ಒಂದು ಮಾತಿನಿಂದ ಹುಡುಕುವ ಅವಧಿ 1940ರಿಂದ 1944ಕ್ಕೆ ಇಳಿಯಿತು.

ಹಂತ 3: ಫಸಲಿಯ ಲೆಕ್ಕ

ಅತಿ ಹೆಚ್ಚು ಹೊತ್ತು ಹಾಳಾಗುವುದು ಇಲ್ಲಿಯೇ. ನಿಜಾಮರ ಸರ್ಕಾರದ ಕಾಗದದಲ್ಲಿರುವುದು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ‘ಫಸಲಿಗೆ 590 ಕೂಡಿಸಿದರೆ ಇಸವಿ’ ಎಂಬ ಬಾಯಿಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ಹೈದರಾಬಾದಿನ ಫಸಲಿ ಅಕ್ಟೋಬರಿನ ಮೊದಲ ವಾರ ಶುರುವಾಗುತ್ತದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ 590 ಕೂಡಿಸಬೇಕು, ಜನವರಿಯಿಂದ ಮುಂದಿನ ಅಕ್ಟೋಬರ್‌ವರೆಗೆ 591. ವರ್ಷದ ಮುಕ್ಕಾಲು ಪಾಲು 591ರದೇ. ಬರೀ 590 ಹಿಡಿದು ಹೋದವರು ಒಂದು ವರ್ಷ ಹಿಂದಿನ ಸಂಪುಟ ತಿರುವಿ ಹಾಕಿ, ಏನೂ ಇಲ್ಲವೆಂದು ಬರೆದು ಎದ್ದು ಬರುತ್ತಾರೆ.

ತಿಂಗಳ ಸಾಲು ಗೋಡೆಗೆ ಅಂಟಿಸಿಕೊಳ್ಳುವಂಥದ್ದು: ಆಜುರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಉರ್ದಿಬೆಹಿಷ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಆಜುರ್ ಅಕ್ಟೋಬರಿನಲ್ಲಿ ಶುರು, ಇಸ್ಫಂದಾರ್ ಹೆಚ್ಚುಕಡಿಮೆ ಜನವರಿಯಲ್ಲಿ. ಹಾಗಾಗಿ ಮೊದಲ ಮೂರು ತಿಂಗಳಿಗೆ 590, ಇಸ್ಫಂದಾರಿನಿಂದ ಮುಂದೆ 591. ಬಹಮನ್ ತಿಂಗಳ ಕೊನೆಯ ದಿನಗಳು ಮಾತ್ರ ಜನವರಿಗೆ ದಾಟುತ್ತವೆ, ಅಲ್ಲಿ ಎರಡೂ ನೋಡಬೇಕು. ತಾಳೆ ನೋಡಲು: ಜಾಗೀರು ರದ್ದಿನ ಕಾಯಿದೆ 1358 ಫಸಲಿಯದು, ಹೊರಬಂದದ್ದು 1949ರ ಆಗಸ್ಟ್. ಹೈದರಾಬಾದಿನ ಭೂಕಂದಾಯ ಕಾಯಿದೆ 1317 ಫಸಲಿ, ಅಂದರೆ 1907-08.

ಹಿಜರಿ ತಾರೀಖು ಮಾತ್ರ ಸಿಕ್ಕರೆ ಚಂದ್ರದರ್ಶನದ ಕಾರಣಕ್ಕೆ ಒಂದು ದಿನ ಹಿಂದೆ ಮುಂದೆ ಆಗುತ್ತದೆ. ವಾರದ ಹೆಸರಿನಿಂದ ಸರಿಪಡಿಸಿಕೊಳ್ಳಬೇಕು.

ಹಂತ 4: ಯಾವ ಪತ್ರಿಕೆ, ಎಲ್ಲಿ

ನಿಜಾಮರ ಕಾಲದ ಕಲಬುರಗಿ, ಬೀದರ ಸೀಮೆಯ ಕೋರ್ಟು ನೋಟಿಸನ್ನು ಕನ್ನಡ ಪತ್ರಿಕೆಯಲ್ಲಿ ಹುಡುಕಿದರೆ ಕೈಗೆ ಬರುವುದು ಕಡಿಮೆ. ಆಡಳಿತ ಉರ್ದುವಿನಲ್ಲಿತ್ತು, ನೋಟಿಸೂ ಉರ್ದುವಿನಲ್ಲೇ. ನೋಡಬೇಕಾದ ಮುಖ್ಯ ದಿನಪತ್ರಿಕೆಗಳು ಹೈದರಾಬಾದಿನವು: ರಹಬರ್-ಎ-ದಕನ್ (ಪೊಲೀಸ್ ಕಾರ್ಯಾಚರಣೆಯ ನಂತರ ರಹನುಮಾ-ಎ-ದಕನ್), ಮುಶೀರ್-ಎ-ದಕನ್, ಪಯಾಮ್, 1949ರಿಂದ ಸಿಯಾಸತ್. ಸರ್ಕಾರಿ ಗೆಜೆಟು ಜರೀದಾ-ಎ-ಐಲಾಮಿಯಾ. ಬೀದರ, ಭಾಲ್ಕಿ, ಔರಾದ, ಬಸವಕಲ್ಯಾಣದ ಕಡೆಯವರಾದರೆ ಮರಾಠಿ ಪತ್ರಿಕೆಗಳನ್ನೂ ಬಿಡಬಾರದು. 1947-48ರ ಗಡಿ ಶಿಬಿರಗಳ, ವಲಸೆ ಹೋದ ಕುಟುಂಬಗಳ ಸುದ್ದಿಗೆ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ. 1956ರ ನಂತರ ಪ್ರಜಾವಾಣಿ, ಸಂಯುಕ್ತ ಕರ್ನಾಟಕ ಎರಡನ್ನೂ ನೋಡಬೇಕು.

ಉರ್ದು ಸಂಪುಟಗಳಿಗೆ ಹೈದರಾಬಾದೇ ಆಗಬೇಕು. ಅಫ್ಜಲ್‌ಗಂಜಿನ ಸ್ಟೇಟ್ ಸೆಂಟ್ರಲ್ ಲೈಬ್ರರಿ (ಹಳಬರ ಬಾಯಲ್ಲಿ ಆಸಫಿಯಾ), ಪಂಜಾಗುಟ್ಟದ ಇದಾರಾ-ಎ-ಅದಬಿಯಾತ್-ಎ-ಉರ್ದು, ಬಾಗ್‌ಲಿಂಗಂಪಲ್ಲಿಯ ಸುಂದರಯ್ಯ ವಿಜ್ಞಾನ ಕೇಂದ್ರದ ಉರ್ದು ಸಂಗ್ರಹ, ತಾರ್ನಾಕದ ಸ್ಟೇಟ್ ಆರ್ಕೈವ್ಸ್. ಹೋಗುವ ಮುಂಚೆ ಫೋನಿನಲ್ಲಿ ಕೇಳಬೇಕಾದದ್ದು ‘ಆ ಪತ್ರಿಕೆ ಇದೆಯೇ’ ಎಂದಲ್ಲ, ‘1943ರ ಜನವರಿಯಿಂದ ಮಾರ್ಚ್‌ವರೆಗಿನ ಸಂಪುಟ ಇದೆಯೇ, ಓದಲು ಕೊಡುವ ಸ್ಥಿತಿಯಲ್ಲಿದೆಯೇ, ಫೋನಿನಲ್ಲಿ ಫೋಟೊಗೆ ಅನುಮತಿ ಇದೆಯೇ’ ಎಂದು. ಪತ್ರಿಕೆ ಇದೆ ಅಂದಮಾತ್ರಕ್ಕೆ ಬೇಕಾದ ತಿಂಗಳು ಇರುತ್ತದೆಂದು ಅರ್ಥವಲ್ಲ.

ಹಂತ 5: ಅಂತರ್ಜಾಲದಲ್ಲಿ ಹೆಸರು ಹಾಕಿ ಹುಡುಕಿದ್ದು — ಫಲ ಇಲ್ಲ

ರೇಖ್ತಾ, ಇಂಟರ್ನೆಟ್ ಆರ್ಕೈವ್, ಮುಂಬೈ ಏಷ್ಯಾಟಿಕ್ ಸೊಸೈಟಿಯ ಗ್ರಂಥ ಸಂಜೀವನಿ ಮೂರರಲ್ಲೂ ಹೆಸರು, ಊರು ಹಾಕಿ ಹುಡುಕಿದ್ದಾಯಿತು. ಒಂದು ಸಾಲೂ ಸಿಗಲಿಲ್ಲ. ಕಾರಣ ಸರಳ. ಆ ಕಾಲದ ಉರ್ದು ಪತ್ರಿಕೆ ಕಾತಿಬನ ಕೈಬರಹ, ಕಲ್ಲಚ್ಚಿನಲ್ಲಿ ಮುದ್ರಣ. ನಸ್ತಾಲೀಖ್ ಅಕ್ಷರ ಓರೆಯಾಗಿ, ಒಂದರ ಮೇಲೊಂದು ಹತ್ತಿ ಕೂತಿರುತ್ತದೆ, ಯಂತ್ರಕ್ಕೆ ಅದನ್ನು ನೆಚ್ಚುವಷ್ಟು ಸರಿಯಾಗಿ ಬಿಡಿಸಿ ಓದುವುದು ಕಷ್ಟ. ಇಲ್ಲಿ ಹುಡುಕಾಟದ ಪೆಟ್ಟಿಗೆ ‘ಇಲ್ಲ’ ಅಂದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ಅಂತರ್ಜಾಲದಲ್ಲಿ ಸಂಚಿಕೆ ಸಿಕ್ಕರೂ ಪುಟ ಪುಟ ತಿರುವಿ ಕಣ್ಣಿನಿಂದಲೇ ನೋಡಬೇಕು.

ನೋಟಿಸಿನ ಪುಟಕ್ಕೆ ಮಾತ್ರ ಕಣ್ಣು ಹಾಯಿಸಿದರೆ ಒಂದು ಸಂಚಿಕೆಗೆ ಮೂರು ನಿಮಿಷ. ಒಂದು ತಿಂಗಳ ದಿನಪತ್ರಿಕೆಗೆ ಒಂದೂವರೆ ಗಂಟೆ. ಈ ಲೆಕ್ಕ ಮೊದಲೇ ಹಾಕಿಕೊಂಡರೆ ಐದು ವರ್ಷದ ಸಂಪುಟ ಒಟ್ಟಿಗೆ ತರಿಸುವ ಆಸೆ ಬಿಟ್ಟುಹೋಗುತ್ತದೆ.

ಹಂತ 6: ಫೋಟೊ

ಸಾಮಾನು: 12 ಮೆಗಾಪಿಕ್ಸೆಲ್ ಫೋನು, ಬಗ್ಗುವ ಕತ್ತಿನ ಮೊಬೈಲ್ ಸ್ಟ್ಯಾಂಡು (ಕೊಂಡಾಗ 450 ರೂಪಾಯಿ), 10 ಪಟ್ಟಿನ ಭೂತಗನ್ನಡಿ (250), ಕಪ್ಪು ಡ್ರಾಯಿಂಗ್ ಶೀಟು ಎರಡು, 30 ಸೆಂಟಿಮೀಟರ್ ಅಳತೆಪಟ್ಟಿ, ಪೆನ್ಸಿಲು. ಪೆನ್ನು ಚೀಲದಲ್ಲೇ ಇರಲಿ.

ಎಷ್ಟು ದೂರದಿಂದ ತೆಗೆಯಬೇಕು ಎಂಬುದಕ್ಕೆ ಲೆಕ್ಕ ಇದೆ. ದೊಡ್ಡ ಪತ್ರಿಕೆಯ ಪುಟ ಸುಮಾರು 38×56 ಸೆಂಟಿಮೀಟರ್. 12 ಮೆಗಾಪಿಕ್ಸೆಲ್ ಚಿತ್ರದ ಉದ್ದ 4000 ಚುಕ್ಕೆ. ಇಡೀ ಪುಟ ಒಂದೇ ಸಲ ತೆಗೆದರೆ ಇಂಚಿಗೆ 180 ಚುಕ್ಕೆ ಬೀಳುತ್ತದೆ, ಉರ್ದುವಿನ ನುಖ್ತೆಗಳು (ಅಕ್ಷರದ ಮೇಲೆ ಕೆಳಗೆ ಇಡುವ ಬೊಟ್ಟುಗಳು) ಮಸುಕಾಗುತ್ತವೆ. ಅರ್ಧ ಪುಟಕ್ಕೆ ಸುಮಾರು 265, ಕಾಲು ಪುಟಕ್ಕೆ 360. ಕನ್ನಡ ಅಚ್ಚಿಗೆ ಅರ್ಧ ಪುಟ ನಡೆಯುತ್ತದೆ. ಉರ್ದುವಿಗೆ ಕಾಲು ಪುಟವೇ ಆಗಬೇಕು. ಎರಡು ನುಖ್ತೆ ಹಾರಿದರೆ ‘ಪೇ’ (ಪ) ಹೋಗಿ ‘ಬೇ’ (ಬ) ಆಗುತ್ತದೆ, ಹೆಸರೇ ಬದಲಾಗುತ್ತದೆ.

ಕ್ರಮ ಹೀಗೆ. ಮೊದಲು ಆ ಸಂಚಿಕೆಯ ತಲೆಬರಹ, ತಾರೀಖು ಕಾಣುವಂತೆ ಒಂದು ಫೋಟೊ. ಆಮೇಲೆ ಪುಟ ಸಂಖ್ಯೆ ಕಾಣುವಂತೆ ಇಡೀ ಪುಟ. ನಂತರ ಬೇಕಾದ ಭಾಗ, ಅಳತೆಪಟ್ಟಿ ಪಕ್ಕದಲ್ಲಿಟ್ಟು. ತಲೆಬರಹದ ಫೋಟೊ ಇಲ್ಲದ ತುಣುಕು ಮುಂದೆ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ರಟ್ಟು ಕಟ್ಟುವವರು ಮೇಲಿನ ಅಂಚು ಕತ್ತರಿಸಿ ತಾರೀಖೇ ಹಾರಿಹೋದ ಸಂಪುಟಗಳಿವೆ. ಅಂಥಲ್ಲಿ ಹಿಂದಿನ, ಮುಂದಿನ ಸಂಚಿಕೆಯ ತಾರೀಖನ್ನೂ ತೆಗೆದಿಡಬೇಕು.

ತೊಂದರೆ ಮೂರು. ತೆಳು ಕಾಗದದ ಹಿಂದಿನ ಅಕ್ಷರ ಮುಂದೆ ಮೂಡಿ ಬಂದರೆ ಹಾಳೆಯ ಹಿಂದೆ ಕಪ್ಪು ಶೀಟು ಇಡಬೇಕು, ಬಹುಪಾಲು ಮಾಯವಾಗುತ್ತದೆ. ಹಳದಿ ಕಲೆ ಇದ್ದರೆ ಮನೆಗೆ ಬಂದು ಗಿಂಪ್‌ನಲ್ಲಿ ಚಿತ್ರ ತೆರೆದು ಕೆಂಪು ಚಾನೆಲ್ ಮಾತ್ರ ಇಟ್ಟುಕೊಳ್ಳಬೇಕು. ಹಳದಿ, ಕಂದು ತಿಳಿಯಾಗಿ ಕರಿ ಶಾಯಿ ಎದ್ದು ಕಾಣುತ್ತದೆ. ಮೂರನೆಯದಕ್ಕೆ ಉಪಾಯವಿಲ್ಲ: ಹೊಲಿಗೆಯೊಳಗೆ ಸೇರಿಹೋದ ಒಳಗಿನ ಕಾಲಂ. ಸಂಪುಟವನ್ನು ಒತ್ತಿ ಬಿಚ್ಚಿದರೆ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಎರಡು ಬದಿಗೂ ಬಟ್ಟೆಯ ಆಸರೆ ಕೊಟ್ಟು, ಕಂಡಷ್ಟು ಓದಿ, ಉಳಿದದ್ದನ್ನು ‘ಕಾಣದು’ ಎಂದು ಬರೆದುಕೊಳ್ಳಬೇಕು.

ಹಂತ 7: ಓದಿಸುವುದು

ಉರ್ದು ಬಲ್ಲ ನಿವೃತ್ತ ಮಾಸ್ತರರು ಕಲಬುರಗಿಯಲ್ಲಿ ಸಿಗುತ್ತಾರೆ. ಆದರೆ ಕಾವ್ಯ ಓದುವವರಿಗೆ ಅದಾಲತಿನ ಉರ್ದು ಬರುತ್ತದೆಂದು ಹೇಳಲಾಗದು. ಹಳೆಯ ವಕೀಲರ ಗುಮಾಸ್ತರು, ದಸ್ತಾವೇಜು ಬರೆಯುತ್ತಿದ್ದವರು ಇದಕ್ಕೆ ಲೇಸು. ಪುಟಕ್ಕೆ 100ರಿಂದ 150 ರೂಪಾಯಿ ಕೊಟ್ಟದ್ದಾಯಿತು. ಅರ್ಥ ಹೇಳಿಸುವ ಮೊದಲು ಅಕ್ಷರ ಅಕ್ಷರ ಓದಿಸಿ ಕನ್ನಡದಲ್ಲಿ ಹಾಗೇ ಬರೆದುಕೊಳ್ಳಬೇಕು. ಓದುವವರಿಗೆ ನೀವು ಹುಡುಕುತ್ತಿರುವ ಹೆಸರು ಮುಂಚೆ ಹೇಳಲೇಬಾರದು. ಹೇಳಿದರೆ ಅದೇ ಹೆಸರು ಕಾಣತೊಡಗುತ್ತದೆ.

ಸಂಬಂಧ ಗೊತ್ತುಮಾಡುವ ಶಬ್ದಗಳು ಕಡಿಮೆ, ಬಾಯಿಪಾಠ ಆಗಬೇಕು. ವಲದ್: ಇಂಥವರ ಮಗ. ಜೌಜೆ: ಹೆಂಡತಿ. ಮುತಬನ್ನಾ: ದತ್ತು ಮಗ. ನಾಬಾಲಿಗ್: ಪ್ರಾಪ್ತ ವಯಸ್ಸಿಗೆ ಬಾರದವರು, ವಲಿ: ಅವರ ಪೋಷಕರು. ಮುತವಫ್ಫಿ: ತೀರಿಹೋದವರು. ವಾರಿಸ್: ವಾರಸುದಾರರು. ಮುದ್ದಯಿ: ವಾದಿ, ಮುದ್ದಾಅಲೈ: ಪ್ರತಿವಾದಿ. ಸಾಕಿನ್: ವಾಸ, ಮೌಜೆ: ಹಳ್ಳಿ. ಕೌಮ್: ಜಾತಿ, ಪೇಶಾ: ಕಸುಬು, ಉಮರ್: ವಯಸ್ಸು. ವಯಸ್ಸನ್ನು ನಂಬಬೇಡಿ. ಅಂದಾಜಿನ ಮೇಲೆ ಮೂವತ್ತು, ನಲವತ್ತು ಎಂದು ಬರೆದದ್ದೇ ಹೆಚ್ಚು. ದತ್ತು ಅಂತ ಇದ್ದು, ದತ್ತು ತೆಗೆದುಕೊಂಡ ಹೊತ್ತಿಗೇ ಹೊಟ್ಟೆಯ ಮಗನೂ ಬದುಕಿದ್ದ ಹಾಗೆ ಕಂಡರೆ ಅಲ್ಲಿ ಓದಿನದೋ ನೋಟಿಸಿನದೋ ತಪ್ಪಿದೆ. ಮಗನಿದ್ದವನು ಗಂಡುಮಗುವನ್ನು ದತ್ತು ತೆಗೆದುಕೊಳ್ಳಲು ಹಿಂದೂ ಕಾನೂನಿನಲ್ಲಿ ಅವಕಾಶವಿರಲಿಲ್ಲ.

ನಮ್ಮ ಹೆಸರುಗಳು ಉರ್ದುವಿನಲ್ಲಿ ಮೈ ಬದಲಿಸುತ್ತವೆ. ಹ್ರಸ್ವ ಸ್ವರ ಬರೆಯುವುದಿಲ್ಲವಾದ್ದರಿಂದ ಗುರಪ್ಪ, ಗಿರಪ್ಪ ಎರಡೂ ಗಾಫ್-ರೇ-ಪೇ-ಅಲಿಫ್ (ಗ-ರ-ಪ-ಆ) ಎಂಬ ಅವೇ ನಾಲ್ಕು ಅಕ್ಷರ. ‘ಳ’ ಇಲ್ಲ, ಲಾಮ್ (ಲ) ಬರುತ್ತದೆ. ‘ಣ’ ಇಲ್ಲ, ನೂನ್ (ನ) ಬರುತ್ತದೆ. ಕಲ್ಲಪ್ಪ, ಕಾಳಪ್ಪ ನಡುವೆ ವ್ಯತ್ಯಾಸ ಒಂದು ಅಲಿಫ್ ಮಾತ್ರ, ಮಲ್ಲಪ್ಪ, ಮಾಳಪ್ಪ ನಡುವೆಯೂ ಅಷ್ಟೇ. ಆದ್ದರಿಂದ ಹುಡುಕುವ ಮೊದಲು ಪ್ರತಿ ಹೆಸರಿಗೂ ಸಾಧ್ಯವಿರುವ ಎಲ್ಲ ಓದುಗಳ ಪಟ್ಟಿ ಮಾಡಿಟ್ಟುಕೊಳ್ಳಬೇಕು.

ಊರಿನ ಹೆಸರಿನಲ್ಲೂ ಇದೇ ಪಾಡು. ಗುಲ್ಬರ್ಗಾ ಅಂದರೆ ಗಾಫ್-ಲಾಮ್-ಬೇ-ರೇ-ಗಾಫ್-ಹೇ, ಅದು ಬೇಗ ಕಣ್ಣಿಗೆ ಪಳಗುತ್ತದೆ. ಸುರಪುರ ಅಲ್ಲಿ ಶೋರಾಪುರ, ಬಸವಕಲ್ಯಾಣ ಬರೀ ಕಲ್ಯಾಣಿ, ಜೇವರ್ಗಿ ಕಡೆಯದು ಅಂದೋಲಾ ತಾಲ್ಲೂಕು. ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎಂಬ ಜೋಡಿಗಳಲ್ಲಿ ಉರ್ದು ಕಾಗದ ಬುಜುರ್ಗ್ (ದೊಡ್ಡದು), ಖುರ್ದ್ (ಚಿಕ್ಕದು) ಎಂದು ಪೂರ್ತಿ ಬರೆಯುತ್ತದೆ, ಇಲ್ಲವೇ ಎರಡನ್ನೂ ಬಿಟ್ಟುಬಿಡುತ್ತದೆ. ಬಿಟ್ಟಿದ್ದರೆ ಸರ್ವೆ ನಂಬರು ಸಿಗುವವರೆಗೆ ಯಾವ ಊರೆಂದು ಖಚಿತ ಮಾಡಬಾರದು.

ಅಡ್ಡಹೆಸರು ಹುಡುಕುವುದು ದಂಡ. ಪಾಟೀಲ, ಬಿರಾದಾರ ಎಂದು ಇವತ್ತು ಬರೆಯುವ ಮನೆತನ ಆಗ ‘ಇಂಥವ ವಲದ್ ಇಂಥವ, ಸಾಕಿನ್ ಇಂಥ ಮೌಜೆ’ ಅಷ್ಟೇ ಆಗಿರುತ್ತಿತ್ತು.

ಹಂತ 8: ಸಿಕ್ಕಿದ್ದು

ಮೊದಲು ಅ ತೀರಿದ ಸುದ್ದಿ ಹುಡುಕಿದ್ದು ವ್ಯರ್ಥವಾಯಿತು, ಆಗಬೇಕಾದದ್ದೇ. ಆ ಕಾಲಕ್ಕೆ ಹಳ್ಳಿಯ ರೈತ ಸತ್ತದ್ದನ್ನು ಹೈದರಾಬಾದಿನ ದಿನಪತ್ರಿಕೆ ಯಾಕೆ ಹಾಕೀತು? ಸಿಕ್ಕಿದ್ದು ಸಾಲದ ದಾವೆಯ ಇಶ್ತಿಹಾರು, 1352 ಫಸಲಿ, ಫರ್ವರ್ದಿ ತಿಂಗಳು. ಅಂದರೆ 1943ರ ಫೆಬ್ರವರಿ-ಮಾರ್ಚ್. ಒಂದು ಕಾಲಮ್ಮಿನ ಕೆಳಗೆ ಬೆರಳುದ್ದದ ನೋಟಿಸು. ಮುದ್ದಯಿ ಒಬ್ಬ ಸಾಹುಕಾರ. ಮುದ್ದಾಅಲೈ ಅ, ಮುತವಫ್ಫಿ. ಅವನ ವಾರಿಸರು ಮತ್ತು ಒಟ್ಟು ಕುಟುಂಬದವರು: ಒಂದನೆಯವನು ಬ1 ‘ವಲದ್ ಅ’. ಎರಡನೆಯವನು ಬ2, ನಾಬಾಲಿಗ್, ‘ವಲದ್’ ಮುಂದೆ ಬೇರೆಯೇ ಒಂದು ಹೆಸರು. ವಲಿ ಅವನ ತಾಯಿ, ಅದೇ ಹೆಸರಿನವನ ಜೌಜೆ.

ಅಂದರೆ ಬ1, ಬ2 ಒಡಹುಟ್ಟಿದವರಲ್ಲ. ಅ-ಗೆ ಒಬ್ಬ ತಮ್ಮನಿದ್ದ, ಮುಂಚೆಯೇ ತೀರಿದ್ದ, ಮನೆಯವರ ಬಾಯಲ್ಲಿ ಅವನ ಹೆಸರೇ ಉಳಿದಿರಲಿಲ್ಲ. ದೊಡ್ಡಪ್ಪನ ಮಗನನ್ನು ‘ಅಣ್ಣ’ ಅನ್ನುವುದು ನಮ್ಮಲ್ಲಿ ರೂಢಿ. ಮೂರು ತಲೆಮಾರು ದಾಟುವಷ್ಟರಲ್ಲಿ ಆ ಅಣ್ಣ ಸ್ವಂತ ಅಣ್ಣನೇ ಆಗಿಹೋಗಿದ್ದ. ಪಟದಲ್ಲಿ ಹೊಸ ಕೊಂಬೆ ಸೇರಿತು: ಅ ಈಗ ಅ1, ಅವನ ತಮ್ಮ ಅ2.

ಆದರೆ ನೋಟಿಸಿನ ನಿಜವಾದ ಲಾಭ ಅದಲ್ಲ. ಅದರಲ್ಲಿ ಅದಾಲತಿನ ಹೆಸರು, ಮುಕದ್ದಮೆಯ ನಂಬರು, ಫಸಲಿ ವರ್ಷ, ಪೇಶಿಯ (ವಿಚಾರಣೆಯ) ತಾರೀಖು ಇತ್ತು. ಅದನ್ನು ಹಿಡಿದು ರಿಜಿಸ್ಟರಿನ ನಕಲಿಗೆ ಮತ್ತೆ ಅರ್ಜಿ ಹಾಕಿದಾಗ ಆ ದಾವೆಯ ಸಾಲು ಸಿಕ್ಕಿತು. ಹೆಸರುಗಳು ಅವೇ, ಕ್ರಮವೂ ಅದೇ. ಮಿಸಲ್ ಅಂತೂ ಇಲ್ಲ, ಆದರೆ ಸಹಿ ಮೊಹರಿನ ಒಂದು ಸಾಲು ಕೈಗೆ ಬಂತು. ಹಳೆಯ ಪತ್ರಿಕೆಯನ್ನು ಸಾಕ್ಷಿ ಅಂದುಕೊಳ್ಳುವುದಕ್ಕಿಂತ ಕಳೆದುಹೋದ ಕಡತಗಳ ಸೂಚಿ ಅಂದುಕೊಂಡರೆ ಕೆಲಸ ಬೇಗ ಸಾಗುತ್ತದೆ. 1956ಕ್ಕೆ ಮುಂಚೆ ಅಪೀಲು ತೀರ್ಮಾನವಾಗಿದ್ದರೆ ಅದೇ ನಂಬರು ಹಿಡಿದು ಹೈದರಾಬಾದಿನ ಹೈಕೋರ್ಟಿನಲ್ಲೂ ವಿಚಾರಿಸಬಹುದು.

ಹಂತ 9: ಈಚಿನ ಕಾಲ

ಇಲ್ಲಿ ಕೆಲಸ ಹಗುರ. 1894ರ ಭೂಸ್ವಾಧೀನ ಕಾಯಿದೆಗೆ 1984ರಲ್ಲಿ ತಿದ್ದುಪಡಿ ಬಂದ ಮೇಲೆ 4(1) ಅಧಿಸೂಚನೆಯನ್ನು (ಜಮೀನು ಬೇಕೆಂಬ ಮೊದಲ ಪ್ರಕಟಣೆಯನ್ನು) ಗೆಜೆಟಿನ ಜತೆ ಎರಡು ದಿನಪತ್ರಿಕೆಗಳಲ್ಲೂ ಹಾಕಬೇಕಾಯಿತು, ಒಂದಾದರೂ ಪ್ರಾದೇಶಿಕ ಭಾಷೆಯದು. ನಾರಾಯಣಪುರ ಎಡದಂಡೆ ಕಾಲುವೆ ಹಾದ ಸುರಪುರ, ಶಹಾಪುರ, ಜೇವರ್ಗಿ ಕಡೆಯವರಿಗೆ, ಬೀದರಿನಲ್ಲಿ ಕಾರಂಜಾ ಯೋಜನೆಯವರಿಗೆ ಇದು ದೊಡ್ಡ ಆಸರೆ. ಸರ್ವೆ ನಂಬರು, ಎಕರೆ-ಗುಂಟೆ, ಖಾತೆದಾರನ ಹೆಸರು ‘ಇಂಥವ ತಂದೆ ಇಂಥವ’ ಎಂದು ಸಾಲಾಗಿ ಬರುತ್ತದೆ. ‘ಕ ತಂದೆ ಬ2’ ಸಿಕ್ಕಿದ್ದು ಇಲ್ಲಿಯೇ, ಖಾಸ್ರಾ ಪಹಣಿಯ ಅದೇ ಸರ್ವೆ ನಂಬರಿನ ಎದುರಿಗೆ. 1984ಕ್ಕೆ ಮುಂಚಿನದಕ್ಕೆ ಗೆಜೆಟು ನೋಡಬೇಕು.

ಸರ್ವೆ ನಂಬರಿನ ಬೆಲೆ ಗೊತ್ತಾಗುವುದು ಹೆಸರುಗಳು ಸುತ್ತಿ ಬಂದಾಗ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ ಬಸಪ್ಪ ತಂದೆ ಶರಣಪ್ಪ, ಶರಣಪ್ಪ ತಂದೆ ಬಸಪ್ಪ, ಮತ್ತೆ ಬಸಪ್ಪ ತಂದೆ ಶರಣಪ್ಪ ಎಂದು ಹೋಗುತ್ತದೆ. ಹೆಸರೊಂದನ್ನೇ ನೋಡಿದರೆ ಎರಡು ತಲೆಮಾರು ಒಂದೇ ಆಗಿಬಿಡುತ್ತದೆ. ಹೆಸರು, ತಂದೆ, ಸರ್ವೆ ನಂಬರು, ವರ್ಷ ನಾಲ್ಕೂ ಒಟ್ಟಿಗೆ ಬರೆದರೆ ಮಾತ್ರ ಬಿಡಿಸಲು ಬರುತ್ತದೆ.

ಪುಣ್ಯಸ್ಮರಣೆಯ ಜಾಹೀರಾತಿನಲ್ಲಿ ಮಡದಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಸಾಲೇ ಇರುತ್ತದೆ. ಹುಡುಕುವಾಗ ಸಮುದಾಯಕ್ಕೆ ತಕ್ಕ ಶಬ್ದ ಹಿಡಿಯಬೇಕು: ಲಿಂಗಾಯತರಲ್ಲಿ ಲಿಂಗೈಕ್ಯ, ಶಿವಗಣಾರಾಧನೆ; ಬ್ರಾಹ್ಮಣರಲ್ಲಿ ವೈಕುಂಠ ಸಮಾರಾಧನೆ; ಮುಸ್ಲಿಮರಲ್ಲಿ ಚೆಹಲುಮ್; ಬೀದರಿನ ಕ್ರೈಸ್ತರಲ್ಲಿ ‘ಕರ್ತನಲ್ಲಿ ನಿದ್ರಿಸಿದರು’. ಜಾಹೀರಾತಿನ ತಾರೀಖನ್ನೇ ಸಾವಿನ ತಾರೀಖೆಂದು ಬರೆಯಬಾರದು. ಮೊದಲ ವರ್ಷದ ಪುಣ್ಯಸ್ಮರಣೆ ತಿಥಿಯ ಮೇಲೆ ಬಂದರೆ ಇಂಗ್ಲಿಷ್ ತಾರೀಖು ಹನ್ನೊಂದು ದಿನ ಮುಂಚೆ ಬೀಳುತ್ತದೆ, ನಡುವೆ ಅಧಿಕ ಮಾಸ ಬಂದಿದ್ದರೆ ಹದಿನೆಂಟು-ಹತ್ತೊಂಬತ್ತು ದಿನ ತಡವಾಗುತ್ತದೆ. ಹಳೆಯ ಪಂಚಾಂಗದಲ್ಲಿ ತಿಥಿ ಹಿಡಿದು ಹಿಂದಕ್ಕೆ ಹೋಗಬೇಕು.

ಹಂತ 10: ತಾಳೆ

ಪಟ ಬರೆಯಲು ಒಂದು ಕಟ್ಟುನಿಟ್ಟು ಇಟ್ಟುಕೊಂಡದ್ದು: ಒಂದೇ ಆಧಾರ ಇದ್ದರೆ ಪೆನ್ಸಿಲ್ ಗೆರೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರ ಇದ್ದರೆ ಶಾಯಿ. ಒಂದೇ ಇಶ್ತಿಹಾರು ಎರಡು ಪತ್ರಿಕೆಯಲ್ಲಿ ಬಂದರೆ ಅದು ಎರಡು ಆಧಾರವಲ್ಲ, ಎರಡೂ ಒಂದೇ ಅರ್ಜಿಯಿಂದ ಹುಟ್ಟಿದ್ದು. ಕಟ್ಟುನಿಟ್ಟಾಗಿ ನೋಡಿದರೆ ರಿಜಿಸ್ಟರಿನ ಸಾಲು ಕೂಡ ಅದೇ ಅರ್ಜಿಯ ಕೂಸು. ಹಾಗಾಗಿ ಅ1-ಅ2 ಗೆರೆ ಆಗಲೂ ಪೆನ್ಸಿಲಿನಲ್ಲೇ ಉಳಿಯಿತು.

ಅದನ್ನು ಶಾಯಿಗೆ ತಂದದ್ದು ಹೆಳವರು. ಕೆಲ ವರ್ಷಕ್ಕೊಮ್ಮೆ ಮನೆಬಾಗಿಲಿಗೆ ಬಂದು ಕಾಳುಕಡಿ ಪಡೆದು ವಂಶಾವಳಿ ಹೇಳುವ ಇವರ ಹೊತ್ತಿಗೆಯಲ್ಲಿ ಆ ಮನೆತನದ ಹೆಸರುಗಳಿದ್ದವು. ಅಲ್ಲಿಯೂ ಕಾಯಿದೆ ಒಂದೇ: ನಮಗೆ ಸಿಕ್ಕಿದ್ದನ್ನು ಬಾಯಿಬಿಡದೆ ಅವರಿಂದ ಪೂರ್ತಿ ಹೇಳಿಸಿ, ಧ್ವನಿಮುದ್ರಣ ಮಾಡಿಕೊಂಡು, ಆಮೇಲೆ ತಾಳೆ ನೋಡಬೇಕು. ಅವರು ಅಣ್ಣತಮ್ಮಂದಿರಿಬ್ಬರನ್ನು ಹೇಳಿದರು, ತಮ್ಮನ ಹೆಸರು ಇಶ್ತಿಹಾರಿನಲ್ಲಿ ‘ವಲದ್’ ಮುಂದೆ ಇದ್ದದ್ದೇ. ಹೆಳವರಲ್ಲಿ ಇಸವಿ ಇರುವುದಿಲ್ಲ, ಪತ್ರಿಕೆಯಲ್ಲಿ ಪೂರ್ತಿ ಸಂಬಂಧ ಇರುವುದಿಲ್ಲ. ಒಂದರ ಕೊರತೆ ಇನ್ನೊಂದು ತುಂಬಿತು.

ಕೋರ್ಟಿಗೆ ಹೋಗುವವರಿಗೆ ಒಂದು ಎಚ್ಚರ. ಪತ್ರಿಕೆಯ ವರದಿ ತಾನೇ ಸಾಕ್ಷ್ಯವಾಗದು, ಅದು ಕೇಳಿಕೆಯ ಮಾತು ಎಂದು ಸುಪ್ರೀಂ ಕೋರ್ಟು 1988ರ ಲಕ್ಷ್ಮೀರಾಜ್ ಶೆಟ್ಟಿ ಪ್ರಕರಣದಲ್ಲಿ ಹೇಳಿದೆ. ಗೆಜೆಟಿಗೆ ಇರುವ ತೂಕ ಸುದ್ದಿಗೆ ಇಲ್ಲ. ರಿಜಿಸ್ಟರಿನ ಪ್ರಮಾಣಿತ ನಕಲು, ಗೆಜೆಟು, ಪಹಣಿ ಮುಂದಿಟ್ಟು ಪತ್ರಿಕೆಯನ್ನು ಅವುಗಳ ಹಿಂದೆ ನಿಲ್ಲಿಸಬೇಕು.

ನೋಡಿದ್ದರ ಪಟ್ಟಿ

ಸಿಕ್ಕಿದ್ದಕ್ಕಿಂತ ಸಿಗದದ್ದರ ಪಟ್ಟಿ ಮುಖ್ಯ. ಕಾಲಂ ಐದು: ಪತ್ರಿಕೆ, ಎಲ್ಲಿಂದ ಎಲ್ಲಿಯವರೆಗೆ, ಸಂಪುಟದಲ್ಲಿ ಇಲ್ಲದ ಸಂಚಿಕೆಗಳು, ನೋಡಿದ ಪುಟಗಳು, ಓದಿದವರು. ‘ನೋಡಿದೆವು, ಇಲ್ಲ’ ಮತ್ತು ‘ಸಂಚಿಕೆಯೇ ಇಲ್ಲ’ ಬೇರೆ ಬೇರೆ. ಎರಡನ್ನೂ ಕೂಡಿಸಿ ‘ಸಿಗಲಿಲ್ಲ’ ಎಂದು ಬರೆದರೆ ಮುಂದೆ ಕೈಹಾಕುವವರು ಅದೇ ಸಂಪುಟ ಮತ್ತೆ ತರಿಸುತ್ತಾರೆ, ಇಲ್ಲವೇ ನೋಡಲೇಬೇಕಾದದ್ದನ್ನು ಬಿಡುತ್ತಾರೆ.

ಈಗಿನ ಸ್ಥಿತಿ

ಅ1, ಅ2, ಬ1, ಬ2, ಬ2ನ ಮಕ್ಕಳು: ಶಾಯಿ. ಬ1ನ ಮಕ್ಕಳಲ್ಲಿ ಇಬ್ಬರು ಪೆನ್ಸಿಲು, ಒಂದೇ ಪುಣ್ಯಸ್ಮರಣೆಯ ಆಧಾರ. ಅ2ನ ಹೆಂಡತಿಯ ಹೆಸರು ವಲಿ ಆಗಿದ್ದರಿಂದ ಸಿಕ್ಕಿದೆ, ಅ1ನ ಹೆಂಡತಿಯದು ಇಲ್ಲ. ಹೆಣ್ಣುಮಕ್ಕಳ ಸಾಲು ಬಹುತೇಕ ಖಾಲಿ. ಅವರನ್ನು ತವರಿನ ಕಾಗದದಲ್ಲಿ ಹುಡುಕಿ ಪ್ರಯೋಜನವಿಲ್ಲ, ಗಂಡನ ಊರು ಗೊತ್ತಾದರೆ ಅಲ್ಲಿನ ಭೂಸ್ವಾಧೀನದ ಪಟ್ಟಿಯಲ್ಲಿ ‘ಗಂಡ ಇಂಥವ’ ಎಂದು ಸಿಗಬಹುದು. 1950ರ ದಶಕದ ವಾಟಣಿ ದಾವೆಯ ನಂಬರು ಇನ್ನೂ ಸಿಕ್ಕಿಲ್ಲ. ಅದಕ್ಕೆ ನೋಡಲು ಉಳಿದದ್ದು ಸಿಯಾಸತ್, ರಹನುಮಾ-ಎ-ದಕನ್‌ನ 1953ರಿಂದ 1956ರ ನೋಟಿಸು ಪುಟಗಳು. ಆ ಹೊತ್ತಿಗೆ ಕೋರ್ಟಿನಲ್ಲಿ ಇಂಗ್ಲಿಷ್ ಕಾಲಿಟ್ಟಿದ್ದರಿಂದ ಡೆಕನ್ ಕ್ರಾನಿಕಲ್‌ನ ಅದೇ ವರ್ಷಗಳನ್ನೂ ಪಟ್ಟಿಗೆ ಸೇರಿಸಿದೆ.